ಪಿ.ಟಿ. ಮೇಡಂ ಸ್ಟೇಕ್ ಹೌಸಿಗೆ ಹೋದದ್ದು

ಶಿವಣ್ಣ ಫೋನಿನಲ್ಲಿ ಹೇಳಿದ್ದು ಸ್ಟೇಕ್ ಹೌಸ್ ಎಂದು. ಜಯಲಕ್ಷ್ಮಮ್ಮನವರ ಕಿವಿಗೆ ಬಿದ್ದದ್ದು ಸ್ಟೇ ಹೌಸ್ ಎಂದು. ಅದೇ ಹೊತ್ತಿಗೆ ಅವರ ಮನೆಯ ಮುಂದೆ ಕಬ್ಬಿನ ಟ್ರಾಕ್ಟರೊಂದು ಊರೆಲ್ಲ ಕೇಳುವಂತೆ ಹಾಡು ಹಾಕಿಕೊಂಡು ಹೋಯಿತು. ನಡುವಿನ ಒಂದಕ್ಷರವನ್ನು ಆ ಟ್ರಾಕ್ಟರೇ ನುಂಗಿಕೊಂಡಿರಬೇಕು. ಗುರುವಾರ ಮಧ್ಯಾಹ್ನ ಹನ್ನೆರಡೂವರೆ, ಶ್ರೀರಂಗಪಟ್ಟಣದಾಚೆ ಹೊಳೆ ದಂಡೆಯ ದೊಡ್ಡ ರೆಸಾರ್ಟು, ಎಲ್ಲ ಬುಕ್ ಆಗಿದೆ ಎಂದಷ್ಟೇ ಹೇಳಿ ಶಿವಣ್ಣ ಫೋನಿಟ್ಟರು.

ಜಯಲಕ್ಷ್ಮಮ್ಮ ಜಗಲಿಯ ಮೇಲೆ ಕುಳಿತುಬಿಟ್ಟರು. ಕೆ.ಆರ್. ಪೇಟೆಯ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಪಿ.ಟಿ. ಮೇಡಂ ಆಗಿದ್ದವರು. ಸೀಟಿ ಇಲ್ಲದೆಯೂ ಸೀಟಿ ಊದಬಲ್ಲ ಗಂಟಲು. ಗಂಡ ಹೋಗಿ ಒಂಬತ್ತು ವರ್ಷವಾಗಿತ್ತು. ನಿವೃತ್ತಿಯಾದ ಮೇಲೂ ಬೆಳಗಾಗೆದ್ದು ಮೈದಾನಕ್ಕೆ ಹೋಗಿ ಹೆಣ್ಣುಮಕ್ಕಳಿಗೆ ಖೋ ಖೋ ಆಡಿಸುತ್ತಿದ್ದರು. ಯಾವ ವಿಷಯಕ್ಕೂ ಎರಡು ನಿಮಿಷಕ್ಕಿಂತ ಹೆಚ್ಚು ಯೋಚಿಸಿದವರಲ್ಲ. ಆದರೆ ಅರವತ್ತೊಂದನೇ ವಯಸ್ಸಿನಲ್ಲಿ ಒಬ್ಬ ಗಂಡಸು ಇದ್ದಕ್ಕಿದ್ದಂತೆ ರೆಸಾರ್ಟಿನಲ್ಲಿ ರೂಮು ಬುಕ್ ಮಾಡಿದ್ದಾನೆಂದುಕೊಂಡಾಗ ಎರಡು ನಿಮಿಷ ಸಾಲಲಿಲ್ಲ. ಹತ್ತು ನಿಮಿಷ ಯೋಚಿಸಿದರು. ಆಮೇಲೆ ಎದ್ದು, ಆಗಲಿ, ಎಂದು ತಮಗೇ ಹೇಳಿಕೊಂಡು ಅಂಗಡಿ ಬೀದಿಗೆ ಹೋಗಿ ಹೊಸ ನೈಟಿಯೊಂದನ್ನು ಕೊಂಡು ತಂದರು.

ಶಿವಣ್ಣ ಅರಕೆರೆಯವರು. ಸರ್ಕಾರಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತರಾದವರು. ಕೆ.ಆರ್. ಪೇಟೆಯಿಂದ ಮೈಸೂರಿಗೆ ಹೋಗುವ ಬೆಳಗಿನ ಬಸ್ಸು ಅವರದಾಗಿತ್ತು. ಖೋ ಖೋ ತಂಡ ಕಟ್ಟಿಕೊಂಡು ಪಂದ್ಯಕ್ಕೆ ಹೊರಟ ಮೇಡಂಗಾಗಿ ಬಸ್ಸನ್ನು ಎರಡು ನಿಮಿಷ ನಿಲ್ಲಿಸಿಕೊಳ್ಳುತ್ತಿದ್ದರು. ಆಗ ಅದರಲ್ಲಿ ಬೇರೇನೂ ಇರಲಿಲ್ಲ. ಅವರ ಹೆಂಡತಿಯೂ ತೀರಿಕೊಂಡು, ಇಬ್ಬರೂ ನಿವೃತ್ತರಾಗಿ, ಪಿಂಚಣಿ ಕಚೇರಿಯ ಒಂದೇ ಬೆಂಚಿನಲ್ಲಿ ಮೂರು ದಿನ ಕೂತ ಮೇಲೆ ಶುರುವಾದದ್ದು ಇದು. ಒಂದು ವರ್ಷದಿಂದ ಮದುವೆಯ ಮಾತು ಆಡಬೇಕೆಂದು ಇಬ್ಬರಿಗೂ ಇತ್ತು. ಆಡಲು ಜಾಗವೇ ಸಿಕ್ಕಿರಲಿಲ್ಲ.

ಹೊಸಹೊಳಲಿನ ದೇವಸ್ಥಾನಕ್ಕೆ ಹೋದರೆ ಅರ್ಚಕರು ದಂಪತಿಗಳ ಗೋತ್ರ ಯಾವುದು ಎಂದು ಗಟ್ಟಿಯಾಗಿ ಕೇಳಿದರು. ಹಿಂದೆ ನಿಂತಿದ್ದವರು ಹಳೆಯ ಹೆಡ್ ಮೇಷ್ಟರು. ಕರಿಘಟ್ಟದ ಬೆಟ್ಟ ಹತ್ತಿದರೆ ಹಳೆಯ ಖೋ ಖೋ ಆಟಗಾರ್ತಿಯೊಬ್ಬಳು ಗಂಡ ಮಕ್ಕಳ ಸಮೇತ ಬಂದು ಕಾಲಿಗೆ ಬಿದ್ದು, ಇವರು ಯಾರು ಮೇಡಂ, ಎಂದಳು. ಜಯಲಕ್ಷ್ಮಮ್ಮ ತಡಬಡಾಯಿಸಿ, ಡ್ರೈವರ್, ಎಂದುಬಿಟ್ಟರು. ಸುಳ್ಳೇನಲ್ಲ. ಆದರೂ ಶಿವಣ್ಣ ಮೆಟ್ಟಿಲು ಇಳಿದು ಮುಗಿಯುವವರೆಗೆ ಬಾಯಿ ಬಿಡಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ಮುಖ್ತಾರ್ ಅಹಮದ್, ಶಿವಣ್ಣನ ಬಸ್ಸಿನಲ್ಲೇ ಕಂಡಕ್ಟರಾಗಿದ್ದವನು. ಅವನ ತಮ್ಮ ಈಗ ಆ ರೆಸಾರ್ಟಿನ ಅಡುಗೆಮನೆಗೆ ಕುರಿಮಾಂಸ ಒದಗಿಸುತ್ತಿದ್ದ. ಅಲ್ಲಿ ಬರುವವರೆಲ್ಲ ಬೆಂಗಳೂರಿನವರು, ಇಲ್ಲವೆ ಬಿಳಿಯರು, ನಮ್ಮ ಕಡೆಯ ಒಂದು ನರಪಿಳ್ಳೆಯೂ ಅತ್ತ ಸುಳಿಯುವುದಿಲ್ಲ, ಖುದಾ ಕಸಂ, ಎಂದು ಅವನು ಆಣೆ ಇಟ್ಟಿದ್ದ.

ಮಗಳಿಗೆ ಏನು ಹೇಳುವುದೆಂಬುದೇ ಜಯಲಕ್ಷ್ಮಮ್ಮನ ದೊಡ್ಡ ಚಿಂತೆಯಾಯಿತು. ಮಗಳು ಸಹನಳನ್ನು ಪಾಂಡವಪುರಕ್ಕೆ ಕೊಟ್ಟಿತ್ತು. ಈಗ ಏಳು ತಿಂಗಳ ಬಸುರಿ. ದಿನಕ್ಕೆ ನಾಲ್ಕು ಸಲ ಫೋನು ಮಾಡುವವಳು. ನಿವೃತ್ತ ಶಿಕ್ಷಕರಿಗೆ ಮೈಸೂರಿನಲ್ಲಿ ತರಬೇತಿ ಇದೆ, ರಾತ್ರಿ ಅಲ್ಲೇ ಉಳಿಯಬೇಕು ಎಂದರು. ನಿವೃತ್ತರಿಗೆ ಎಂಥ ತರಬೇತಿ ಎಂದು ಸಹನ ಕೇಳಿದ್ದಕ್ಕೆ, ಪಿಂಚಣಿ ವಿಷಯ, ಎಂದರು. ಪಿಂಚಣಿ ಎಂದ ಮೇಲೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಸಹನ ತನ್ನ ಗೋಳಿಗೆ ತಿರುಗಿದಳು. ಬಸುರಿ ನಾಲಿಗೆಗೆ ಮಟನ್ನು ಬೇಕೆನಿಸಿ ಪ್ರಾಣ ಹೋಗುತ್ತಿದೆಯಂತೆ. ಆದರೆ ಅವಳ ಅತ್ತೆ ಮಂಚಮ್ಮ ಎರಡು ವರ್ಷದ ಹಿಂದೆ ಭಜನಾ ಮಂಡಳಿ ಸೇರಿ, ಕೊರಳಿಗೆ ಮಣಿ ಕಟ್ಟಿಕೊಂಡು, ಮನೆಯೊಳಗೆ ಮಾಂಸವಿರಲಿ ಬೆಳ್ಳುಳ್ಳಿಯೂ ಬರಕೂಡದೆಂದು ಅಪ್ಪಣೆ ಮಾಡಿದ್ದಳು. ಹೋದ ವಾರ ಗಂಡ ಕದ್ದು ತಂದುಕೊಟ್ಟ ಮೊಟ್ಟೆಯನ್ನು ಸಹನ ಬಚ್ಚಲಲ್ಲಿ ನಿಂತು ತಿಂದಿದ್ದಳು. ಸಿಪ್ಪೆ ಸಿಕ್ಕಿಬಿದ್ದು ಮಂಚಮ್ಮ ಇಡೀ ಮನೆಗೆ ಗಂಜಲ ಚಿಮುಕಿಸಿದ್ದಳಂತೆ. ಬೀಗಿತ್ತಿಯ ಮೇಲೆ ಜಯಲಕ್ಷ್ಮಮ್ಮನಿಗೆ ಕುದಿಯುತ್ತಿತ್ತು. ಆದರೆ ಮಗಳು ಬಾಳುವ ಮನೆ ಎಂದು ನುಂಗಿಕೊಂಡಿದ್ದರು.

ಗುರುವಾರ ರೇಷ್ಮೆ ಸೀರೆಯುಟ್ಟು, ನೈಟಿ, ಟವೆಲ್ಲು, ಬಿ.ಪಿ. ಮಾತ್ರೆ, ಮಂಡಿ ನೋವಿನ ಮುಲಾಮು ತುಂಬಿದ ಬ್ಯಾಗು ಹಿಡಿದು ಜಯಲಕ್ಷ್ಮಮ್ಮ ರೆಸಾರ್ಟಿನ ಬಾಗಿಲಲ್ಲಿ ಆಟೋ ಇಳಿದರು. ಟೋಪಿ ಹಾಕಿದವನೊಬ್ಬ ಓಡಿಬಂದು ಬ್ಯಾಗು ಕಿತ್ತುಕೊಂಡು, ಅದಕ್ಕೆ ಹಳದಿ ಚೀಟಿ ಕಟ್ಟಿ, ಹಿತ್ತಾಳೆಯ ಗಾಡಿಗೆ ಹಾಕಿ ತಳ್ಳಿಕೊಂಡು ಹೋದ. ಕೌಂಟರಿನಲ್ಲಿ ಸ್ನೇಹ ಎಂದು ಎದೆಯ ಮೇಲೆ ಬರೆದುಕೊಂಡಿದ್ದ ಹುಡುಗಿ ನಗುತ್ತ ಆಧಾರ್ ಕೇಳಿದಳು. ಕೊಟ್ಟರು. ಎಷ್ಟು ದಿನ ಸ್ಟೇ ಮೇಡಂ ಎಂದಳು. ಒಂದೇ ರಾತ್ರಿ ಎಂದರು. ಎಷ್ಟು ಜನ ಎಂದಳು. ಜಯಲಕ್ಷ್ಮಮ್ಮ ಅಕ್ಕಪಕ್ಕ ನೋಡಿ, ಮೂವತ್ತನಾಲ್ಕು ವರ್ಷ ಎತ್ತಿದ ದನಿಯನ್ನು ಜೀವಮಾನದಲ್ಲಿ ಮೊದಲ ಬಾರಿಗೆ ತಗ್ಗಿಸಿ, ಇಬ್ಬರು, ಎಂದರು.

ಹುಡುಗಿ ಕಂಪ್ಯೂಟರನ್ನು ಕುಟ್ಟಿ ಕುಟ್ಟಿ ನೋಡಿ, ರೂಮು ಯಾವುದೂ ಬುಕ್ ಆಗಿಲ್ಲವಲ್ಲ, ಶಿವಣ್ಣ ಅನ್ನುವವರ ಹೆಸರಿನಲ್ಲಿ ನಮ್ಮ ಸ್ಟೇಕ್ ಹೌಸಿನಲ್ಲಿ ಊಟದ ಟೇಬಲ್ ಮಾತ್ರ ಇದೆ ಎಂದಳು. ಸ್ಟೇಕ್ ಎಂದರೆ ಮಾಂಸದ ದೊಡ್ಡ ತುಂಡು ಎಂಬುದನ್ನೂ ವಿನಯದಿಂದ ವಿವರಿಸಿದಳು. ಜಯಲಕ್ಷ್ಮಮ್ಮನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಇಟಾಲಿಯನ್ ಮಾರ್ಬಲ್ಲು, ಅದು ಸುಲಭಕ್ಕೆ ಬಾಯಿಬಿಡುವಂಥದ್ದಲ್ಲ. ತಿರುಗಿದರೆ, ಮಗನ ಮದುವೆಗೆ ಹೊಲಿಸಿದ ಕೋಟು ತೊಟ್ಟ ಶಿವಣ್ಣ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಮ್ಮೆ ಹಿತ್ತಾಳೆ ಗಾಡಿಯ ಮೇಲಿನ ಬ್ಯಾಗನ್ನು, ಒಮ್ಮೆ ಮೇಡಂ ಅವರನ್ನು ನೋಡಿದರು. ಅವರ ಕಿವಿಗಳು ಕೆಂಪಗಾಗಿದ್ದವು.

ಇಬ್ಬರೂ ಸ್ಟೇಕ್ ಹೌಸಿನೊಳಗೆ ಹೋದರು. ಹಟ್ಟಹಗಲಲ್ಲಿ ಕತ್ತಲೆ ಮಾಡಿಟ್ಟಿದ್ದ ಜಾಗ, ಶವಾಗಾರದಷ್ಟು ತಣ್ಣಗಿತ್ತು. ಚರ್ಮದ ಕುರ್ಚಿಯಲ್ಲಿ ಕೂತರೆ ಮೈ ಸೊಂಟದವರೆಗೆ ಒಳಕ್ಕಿಳಿಯುತ್ತಿತ್ತು. ಗೋಡೆಯ ಮೇಲೆ ಆಳೆತ್ತರದ ಕುರಿಯ ಚಿತ್ರ. ತಾಲ್ಲೂಕು ಹೋಬಳಿಗಳ ನಕ್ಷೆಯಂತೆ ಮೈತುಂಬ ಗೆರೆ ಎಳೆದು ಭಾಗ ಮಾಡಿದ್ದರು. ಶಿವಣ್ಣ ಅದನ್ನೇ ನೋಡುತ್ತ ಕೇಳಿದರು.

"ನಾನು ಉಳ್ಕಳಕ್ಕೆ ಕರೆದೆ ಅಂದ್ಕಂಡ್ರಾ?"

"ಹೂಂ."

"ಅಂಗಿದ್ರೂ ಬಂದ್ರಾ?"

"ನೀವು ಕರುದ್ರಿ, ನಾನು ಬಂದೆ. ಈಗ ಆ ವಿಷಯ ಬುಡಿ," ಎಂದು ಜಯಲಕ್ಷ್ಮಮ್ಮ ಮೆನುವನ್ನು ಮುಖಕ್ಕೆ ಅಡ್ಡ ಹಿಡಿದರು. ಶಿವಣ್ಣ ಬಿಡಲಿಲ್ಲ. ಬರೀ ಅವರನ್ನೇ ನೋಡುತ್ತ ಕೂತರು. ಘಾಟಿ ರಸ್ತೆಯಲ್ಲೂ ಅಷ್ಟು ಹುಷಾರಾಗಿ ಎದುರಿಗೆ ನೋಡಿದವರಲ್ಲ ಅವರು.

ಆರ್ಡರು ತೆಗೆದುಕೊಳ್ಳಲು ಕಪ್ಪು ಕೋಟಿನ ಧಡೂತಿ ಆಳೊಬ್ಬ ಬಂದ. ಜಯಲಕ್ಷ್ಮಮ್ಮನ ಮುಖ ಕಂಡದ್ದೇ ಎರಡೂ ಹಿಮ್ಮಡಿ ಜೋಡಿಸಿ ಅಟೆನ್ಷನ್ನಿನಲ್ಲಿ ನಿಂತ. ಅವನು ನಿಂಗರಾಜು, ಸಂತೆಬಾಚಹಳ್ಳಿಯವನು, ಅವರ ಹಳೆಯ ವಿದ್ಯಾರ್ಥಿ. ಖೋ ಖೋ ಕಂಬಕ್ಕೆ ಎಣ್ಣೆ ಸವರಿದ ತಪ್ಪಿಗೆ ಮೈದಾನದ ಸುತ್ತ ಇಪ್ಪತ್ತು ಸುತ್ತು ಓಡಿದವನು. ನಮ್ಮ ಕಡೆಯ ನರಪಿಳ್ಳೆ ಇಲ್ಲವೆಂದು ಆಣೆಯಿಟ್ಟ ಮುಖ್ತಾರನನ್ನು ಶಿವಣ್ಣ ಮನಸ್ಸಿನಲ್ಲೇ ಬೈದುಕೊಂಡರು. ಸಾರ್ ಯಾರು ಎಂದು ನಿಂಗರಾಜು ಕೇಳಿದ. ಜಯಲಕ್ಷ್ಮಮ್ಮ ಉತ್ತರ ಕೊಡದೆ, ಇಲ್ಲಿ ಹಸುವಿನದು ಗಿಸುವಿನದು ಇಲ್ಲ ತಾನೇ ಎಂದು ತಿರುಗಿಸಿ ಕೇಳಿದರು. ಇಲ್ಲ ಮೇಡಂ, ಎಲ್ಲ ಬನ್ನೂರು ಕುರಿ, ಎಂದು ಅವನು ಪಾಠ ಒಪ್ಪಿಸತೊಡಗಿದ. ಸ್ಟೇಕನ್ನು ನಾಲ್ಕು ಥರ ಬೇಯಿಸುತ್ತಾರಂತೆ. ಮೊದಲನೆಯದು ಒಳಗೆ ರಕ್ತ ಕೆಂಪಗೆ ಹಾಗೇ ಇರುವುದು, ದೊಡ್ಡವರು ಅದನ್ನೇ ಇಷ್ಟಪಡುವುದು. ಶಿವಣ್ಣ ಕೈ ಅಡ್ಡ ಮಾಡಿದರು.

"ಪೂರ್ತಿ ಬೆಂದಿರೋದು ತತ್ತಾರಪ್ಪ. ತಟ್ಟೆಯಿಂದ ಎದ್ದು ಓಡಿದ್ರೆ ಇಡಿಯಕ್ಕೆ ನನ್ ಕೈಲಾಗಕಿಲ್ಲ."

ಅರ್ಧ ಗಂಟೆಯ ಮೇಲೆ ಮರದ ಹಲಗೆಯೊಂದರ ಮೇಲೆ ಅಂಗೈಯಗಲದ ಮಾಂಸ ಬಂತು. ಪಕ್ಕದಲ್ಲಿ ಮೂರು ಬೇಯಿಸಿದ ಕ್ಯಾರೆಟ್ಟು. ಮೇಲೆ ಯಾವುದೋ ಗಿಡದ ಕಡ್ಡಿ, ಮಾರಮ್ಮನಿಗೆ ಬೇವು ಸಿಕ್ಕಿಸಿದ ಹಾಗೆ. ಇದು ತಿನ್ನುವುದೋ ಪೂಜೆ ಮಾಡುವುದೋ ಎಂದು ಶಿವಣ್ಣನಿಗೆ ಗೊತ್ತಾಗಲಿಲ್ಲ. ಚಾಕು ಹಾಕಿದರೆ ಮಾಂಸ ಎಡಕ್ಕೆ ಹೋಗುತ್ತಿತ್ತು, ಫೋರ್ಕು ಹಾಕಿದರೆ ಹಲಗೆಯೇ ಬಲಕ್ಕೆ ಬರುತ್ತಿತ್ತು. ಸ್ಟೀರಿಂಗು ಹಿಡಿದಂತೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರು ನಿಟ್ಟುಸಿರು ಬಿಟ್ಟಾಗ ಜಯಲಕ್ಷ್ಮಮ್ಮನಿಗೆ ನಗು ತಡೆಯಲಾಗಲಿಲ್ಲ. ಚೂಪು ಚಾಕು ತೆಗೆದುಕೊಂಡು ತಾವೇ ಅದನ್ನು ತುಂಡು ಮಾಡಿ ಅವರ ಮುಂದಿಟ್ಟರು. ತಿಂದು ನೋಡಿದರೆ ನಿಜಕ್ಕೂ ರುಚಿಯಾಗಿತ್ತು. ಖಾರ ಇಲ್ಲ, ಮಸಾಲೆ ಇಲ್ಲ, ಬರೀ ಉಪ್ಪು ಮತ್ತು ಬೆಣ್ಣೆ. ಆದರೂ ಬಾಯಲ್ಲಿಟ್ಟರೆ ಕರಗುತ್ತಿತ್ತು. ಸಹನ ತಿಂದಿದ್ದರೆ ಎಷ್ಟು ಖುಷಿಪಡುತ್ತಿದ್ದಳು ಎಂದು ಜಯಲಕ್ಷ್ಮಮ್ಮನಿಗೆ ಅನಿಸಿತು.

ಆಗಲೇ ಕೇಳಿಸಿದ್ದು ಆ ಸದ್ದು. ಕಂಬದ ಆಚೆಯ ಟೇಬಲ್ಲಿನಿಂದ ಯಾರೋ ಮೂಳೆ ಹೀರುವ ಸದ್ದು. ಬೆಂಗಳೂರಿನವರು ಹಾಗೆ ಹೀರಲಾರರು. ಬಿಳಿಯರಿಗಂತೂ ಆ ವಿದ್ಯೆ ಬಾರದು. ಅದು ಹುಟ್ಟಿದಾಗಿನಿಂದ ಮೂಳೆ ಹೀರಿ ಪಳಗಿದ ಬಾಯಿ. ಕುತೂಹಲ ತಡೆಯದೆ ಜಯಲಕ್ಷ್ಮಮ್ಮ ಕಂಬದ ಪಕ್ಕಕ್ಕೆ ಬಾಗಿ ನೋಡಿದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಮಣಿಸರ, ಎದೆಯ ಮೇಲೆ ಬಿಳಿ ನ್ಯಾಪ್ಕಿನ್ನು. ಎರಡೂ ಕೈಯಲ್ಲಿ ಪಕ್ಕೆಲುಬಿನ ಚಾಪು ಹಿಡಿದು, ಕಣ್ಣು ಮುಚ್ಚಿ, ಸಮಾಧಿ ಸ್ಥಿತಿಯಲ್ಲಿ ಕೂತಿದ್ದಳು ಮಂಚಮ್ಮ.

ಗುರುವಾರ ಗುರುವಾರ ಇಡೀ ದಿನ ಭಜನೆ ಎಂದು ಮನೆ ಬಿಡುತ್ತಿದ್ದವಳು ಬರುತ್ತಿದ್ದದ್ದು ಇಲ್ಲಿಗೆ. ಪ್ರತಿ ಗುರುವಾರ ಬರುತ್ತಾರೆ, ಅದೇ ಟೇಬಲ್ಲು, ಅದೇ ಚಾಪ್ಸು ಎಂದು ನಿಂಗರಾಜು ಆಮೇಲೆ ಹೇಳಿದ. ಜಯಲಕ್ಷ್ಮಮ್ಮ ಎದ್ದರು. ಶಿವಣ್ಣ ಬೇಡವೆನ್ನುವಷ್ಟರಲ್ಲಿ ಆ ಟೇಬಲ್ಲಿನ ಮುಂದೆ ನಿಂತಿದ್ದರು. ಮಂಚಮ್ಮ ಕಣ್ಣು ತೆರೆದಳು. ಮೂಳೆ ಬಾಯಲ್ಲೇ ಉಳಿಯಿತು.

ಏಳು ತಿಂಗಳ ಬಸುರಿ ಬಚ್ಚಲಲ್ಲಿ ನಿಂತು ಮೊಟ್ಟೆ ತಿನ್ನಬೇಕು, ನೀವು ಇಲ್ಲಿ ಕುರ್ಚಿ ಮೇಲೆ ಕೂತು ಚಾಪ್ಸು ತಿನ್ನಬಹುದೋ ಎಂದು ಜಯಲಕ್ಷ್ಮಮ್ಮ ಕೇಳಿದರು. ಮೈದಾನದ ದನಿ ಮರಳಿ ಬಂದಿತ್ತು. ಪಕ್ಕದ ಟೇಬಲ್ಲಿನ ಬಿಳಿಯ ದಂಪತಿ ಚಾಕು ಕೆಳಗಿಟ್ಟರು. ಮಂಚಮ್ಮ ಮೊದಲು ಹೆದರಿದಳು. ಡಾಕ್ಟರು ರಕ್ತ ಕಮ್ಮಿ ಎಂದಿದ್ದಾರೆ, ಔಷಧಿಯೆಂದು ತಿನ್ನುತ್ತಿದ್ದೇನೆ ಎಂದು ತೊದಲಿದಳು. ಆಮೇಲೆ ಅವಳ ಕಣ್ಣು ಕಂಬದ ಈಚೆಗೆ ಬಂದು ಶಿವಣ್ಣನ ಮೇಲೆ, ಕೋಟಿನ ಮೇಲೆ, ಜಯಲಕ್ಷ್ಮಮ್ಮನ ರೇಷ್ಮೆ ಸೀರೆಯ ಮೇಲೆ ಹರಿದಾಡಿತು. ಮೂಳೆಯನ್ನು ನಿಧಾನಕ್ಕೆ ತಟ್ಟೆಗಿಟ್ಟು, ನ್ಯಾಪ್ಕಿನ್ನಿನಲ್ಲಿ ಬಾಯಿ ಒರೆಸಿಕೊಂಡಳು.

"ಮೈಸೂರಲ್ಲಿ ಟ್ರೈನಿಂಗು ಅಂದಿದ್ರಂತಲ್ಲಾ ಬೀಗ್ತೆಮ್ಮ," ಎಂದಳು. "ಓಗ್ಲಿ ಬುಡಿ. ನಾನು ನಿಮ್ಮ ನೋಡ್ನಿಲ್ಲ, ನೀವು ನನ್ನ ನೋಡ್ನಿಲ್ಲ. ಆಗದಾ?"

ನಿಜ ಹೇಳಬೇಕೆಂದರೆ ಆಗಲಿ ಎಂಬ ಮಾತು ಜಯಲಕ್ಷ್ಮಮ್ಮನ ತುಟಿಯವರೆಗೆ ಬಂದಿತ್ತು. ಯಾರಿಗೂ ಗೊತ್ತಾಗುವುದಿಲ್ಲ, ಮಗಳು ಅಳುವುದಿಲ್ಲ, ಊರು ಆಡಿಕೊಳ್ಳುವುದಿಲ್ಲ. ಅಷ್ಟರಲ್ಲಿ ಹಿಂದೆ ಬಂದು ನಿಂತಿದ್ದ ಶಿವಣ್ಣ ಮೆಲ್ಲಗೆ ಹೇಳಿದರು.

"ಅಂಗಾದ್ರೆ ನನ್ನ ಯಾರೂ ನೋಡ್ನೇ ಇಲ್ಲ ಅಂತಾಯ್ತು. ನಾನು ಆಚೆ ಇರ್ತೀನಿ, ಊಟ ಮುಗಿಸ್ಕಂಡು ಬನ್ನಿ."

ಸಿಟ್ಟಿನ ಮಾತಲ್ಲ ಅದು. ಟಿಕೆಟ್ಟಿಲ್ಲದವನು ತಾನೇ ಬಸ್ಸು ಇಳಿದುಹೋಗುವ ಹಾಗೆ ಹೇಳಿದರು. ಜಯಲಕ್ಷ್ಮಮ್ಮನಿಗೆ ಕರಿಘಟ್ಟದ ಮೆಟ್ಟಿಲುಗಳೆಲ್ಲ ಎದೆಯ ಮೇಲೆ ಬಂದು ಕೂತಂತಾಯಿತು. ಈ ಮನುಷ್ಯನ ಜೊತೆ ಒಂದು ರಾತ್ರಿ ಕಳೆಯಲು ನೈಟಿ ಕೊಂಡು ತರುವ ಧೈರ್ಯ ತನಗಿತ್ತು, ನಾಲ್ಕು ಜನರ ಮುಂದೆ ಇವರು ಯಾರೆಂದು ಹೇಳುವ ಧೈರ್ಯ ಇಲ್ಲವಾಯಿತಲ್ಲ ಎಂದು ತಮ್ಮ ಮೇಲೇ ಕೆಟ್ಟ ಸಿಟ್ಟು ಬಂತು.

ಶಿವಣ್ಣನ ಕೋಟಿನ ತೋಳು ಹಿಡಿದು ನಿಲ್ಲಿಸಿದರು. ಅಲ್ಲೇ ನಿಂತು ಫೋನು ತೆಗೆದು ಮಗಳಿಗೆ ಕರೆ ಮಾಡಿದರು.

"ಸಹನಾ, ನಾನು ಟ್ರೈನಿಂಗಿಗೆ ಹೋಗಿಲ್ಲ ಕಣವ್ವ. ಸುಳ್ಳೇಳ್ದೆ. ಶ್ರೀರಂಗಪಟ್ಟಣದಲ್ಲಿ ಶಿವಣ್ಣ ಅನ್ನೋರ ಜೊತೆ ಊಟಕ್ಕೆ ಬಂದಿವ್ನಿ. ನಾವಿಬ್ರೂ ಮದುವೆ ಮಾಡ್ಕಬೇಕು ಅಂತಿದೀವಿ."

ಆ ಕಡೆಯಿಂದ ಕರೆ ಕಟ್ಟಾಯಿತು. ಜಯಲಕ್ಷ್ಮಮ್ಮ ಫೋನನ್ನೇ ನೋಡುತ್ತ ನಿಂತರು. ಮದುವೆ ಎಂಬ ಮಾತನ್ನು ಅವರಿಬ್ಬರೂ ಆವರೆಗೆ ಪರಸ್ಪರ ಹೇಳಿಕೊಂಡೇ ಇರಲಿಲ್ಲ. ಶಿವಣ್ಣನ ಕಿವಿಗೆ ಅದು ಬಿದ್ದದ್ದು ಸಹನಳಿಗಿಂತ ಅರೆಕ್ಷಣ ಮುಂಚೆ, ಅಷ್ಟೆ. ಅವರ ಕಣ್ಣಲ್ಲಿ ನೀರು ತುಂಬಿತ್ತು. ಎ.ಸಿ. ಗಾಳಿಗೆ ಎಂದರು.

ನಿಂಗರಾಜು ಇನ್ನೂ ಅಟೆನ್ಷನ್ನಿನಲ್ಲೇ ಇದ್ದ. ಇನ್ನೊಂದು ಸ್ಟೇಕು ಚೆನ್ನಾಗಿ ಬೇಯಿಸಿ ಪಾರ್ಸೆಲ್ ಮಾಡು ಎಂದು ಜಯಲಕ್ಷ್ಮಮ್ಮ ಅವನಿಗೆ ಹೇಳಿದರು. ಅದು ಬರುವವರೆಗೆ ಮೂವರೂ ಒಂದೇ ಟೇಬಲ್ಲಿಗೆ ಕೂತರು. ಮಂಚಮ್ಮನಿಗೆ ಎದ್ದು ಹೋಗುವ ಮನಸ್ಸಿತ್ತು. ಆದರೆ ತಟ್ಟೆಯಲ್ಲಿ ಇನ್ನೂ ಎರಡು ಚಾಪು ಉಳಿದಿದ್ದವು. ಗಂಡ ಬದುಕಿದ್ದಾಗ ಮನೆಯಲ್ಲಿ ಭಾನುವಾರ ತಪ್ಪಿದರೂ ಮಾಂಸ ತಪ್ಪುತ್ತಿರಲಿಲ್ಲವೆಂದೂ, ಭಜನಾ ಮಂಡಳಿಗೆ ಅಧ್ಯಕ್ಷಿಣಿ ಮಾಡಿದ ಮೇಲೆ ಬಿಡುವುದು ಅನಿವಾರ್ಯವಾಯಿತೆಂದೂ, ಬಿಟ್ಟು ಮೂರೇ ತಿಂಗಳಿಗೆ ಕನಸಿನಲ್ಲೂ ಕುರಿ ಬರತೊಡಗಿತೆಂದೂ ಅವಳು ಒಪ್ಪಿಕೊಂಡಳು. ಶಿವಣ್ಣನಿಗೆ ಪಾಪ ಎನಿಸಿತು. ಜಯಲಕ್ಷ್ಮಮ್ಮನಿಗೆ ಎನಿಸಲಿಲ್ಲ. ಪಾರ್ಸೆಲ್ಲು ಬಂದಾಗ ಅದನ್ನು ಮಂಚಮ್ಮನ ಭಜನೆ ಪುಸ್ತಕದ ಚೀಲದೊಳಗೇ ಇಟ್ಟರು.

"ಇದು ಸಹನಂಗೆ. ಬಚ್ಚಲಲ್ಲಲ್ಲ, ನಡುಮನೇಲಿ ಕೂರ್ಸಿ ಬಡಿಸಿ. ನೀವು ಇಲ್ಲಿಗೆ ಬಂದದ್ದು ನಾನು ಹೇಳಕ್ಕೋಗಲ್ಲ. ಅದು ನಿಮ್ಮ ಬಾಯಿಂದ್ಲೇ ಬರ್ಲಿ."

ಮಂಚಮ್ಮ ಬರೀ ತಲೆಯಾಡಿಸಿ ಎದ್ದಳು. ಚೀಲವನ್ನು ತೊಡೆಯ ಮೇಲೆ ಭದ್ರವಾಗಿ ಇಟ್ಟುಕೊಂಡು ಪಾಂಡವಪುರದ ಬಸ್ಸಿನಲ್ಲಿ ಹೋದಳು.

ಬೀಗಿತ್ತಿ ಕೊಟ್ಟು ಕಳಿಸಿದ್ದು, ಬೇಡ ಎನ್ನಲಾದೀತೇ ಎಂದು ಮನೆಯಲ್ಲಿ ಹೇಳಿದಳಂತೆ. ತಾನು ಅಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಮಾತ್ರ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಆದರೆ ಭಾನುವಾರಗಳಲ್ಲಿ ಹಿತ್ತಲಿನಲ್ಲಿ ಬೇರೆ ಒಲೆ ಹೂಡಿ ಬಸುರಿಗೆ ಮಾಂಸ ಬೇಯಿಸಬಹುದೆಂದು ಅಪ್ಪಣೆ ಬದಲಾಯಿತು. ಉಪ್ಪು ನೋಡುವ ಕೆಲಸವನ್ನು ಮಂಚಮ್ಮನೇ ವಹಿಸಿಕೊಂಡಳು.

ಸಹನ ತಾಯಿಯ ಜೊತೆ ಮೂರು ವಾರ ಮಾತಾಡಲಿಲ್ಲ. ಆಮೇಲೆ ಫೋನು ಮಾಡಿ ಅತ್ತಳು, ಅಪ್ಪನ ಫೋಟೋ ಏನು ಮಾಡುತ್ತೀಯ ಎಂದು ಕೇಳಿದಳು. ಅದು ಇದ್ದಲ್ಲೇ ಇರುತ್ತದೆ ಎಂದರು ಜಯಲಕ್ಷ್ಮಮ್ಮ. ಶಿವಣ್ಣನ ಮಗ ಅಪ್ಪುವಿಗೆ ಅಷ್ಟೆಲ್ಲ ಭಾವನೆ ಇರಲಿಲ್ಲ. ಅಂಗಾದ್ರೆ ಬೆಳಿಗ್ಗೆ ಅಸೀನ ಹಾಲು ಕರೆಯೋರ್ಯಾರು, ಎಂದಷ್ಟೇ ಕೇಳಿದ. ಒಂದು ತಿಂಗಳಿಗೆ ರಿಜಿಸ್ಟರ್ ಮದುವೆಯಾಯಿತು. ಸಹನ ಬರಲಿಲ್ಲ. ಮಂಚಮ್ಮ ಬಂದಳು, ಎಲ್ಲರಿಗಿಂತ ಮುಂಚೆ ಊಟಕ್ಕೆ ಕೂತಳು.

ಹೆರಿಗೆಗೆ ಮಾತ್ರ ಸಹನ ತಾಯಿಯ ಮನೆಗೇ ಬಂದಳು. ಶಿವಣ್ಣನೂ ಈಗ ಅಲ್ಲೇ ಇದ್ದರು. ಗಂಡು ಮಗು. ಶಿವಣ್ಣನನ್ನು ಏನೆಂದು ಕರೆಯಬೇಕೆಂದು ಅವಳಿಗೆ ತಿಳಿಯದೆ ಏನೂ ಕರೆಯುತ್ತಿರಲಿಲ್ಲ. ಬಿಸಿನೀರು ಬೇಕಾದರೆ ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಆಚೆಯಿಂದ ಬಿಸಿನೀರು ಬರುತ್ತಿತ್ತು. ಹದಿನೈದು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಜಯಲಕ್ಷ್ಮಮ್ಮ ಮೈದಾನಕ್ಕೆ ಹೋಗಿದ್ದರು. ಸಹನ ಬಾಣಂತಿ ಕೋಣೆಯಿಂದ ನಿದ್ದೆ ಹೋಗಿದ್ದ ಮಗುವನ್ನೆತ್ತಿಕೊಂಡು ಹೊರಗೆ ಬಂದಳು. ಜಗಲಿಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದ ಶಿವಣ್ಣನ ಮುಂದೆ ನಿಂತಳು.

"ಇವ್ರೇ, ಇವನ್ನ ಒಸಿ ಇಡ್ಕಳಿ. ಸ್ನಾನ ಮಾಡ್ಕಂಡು ಬತ್ತೀನಿ."

ಶಿವಣ್ಣ ಕೈಯನ್ನು ಪಂಚೆಗೆ ಎರಡೆರಡು ಸಲ ಒರೆಸಿಕೊಂಡು ಮಗುವನ್ನು ತೆಗೆದುಕೊಂಡರು. ಅದು ಒಡನೆಯೇ ಅವರ ಅಂಗಿ ಒದ್ದೆ ಮಾಡಿತು. ಮಗು ಎಚ್ಚರಗೊಂಡೀತೆಂದು ಹೆದರಿ, ಅವಳು ಬರುವವರೆಗೆ ಅವರು ಕೂರಲಿಲ್ಲ.